ಅಡುಗೆಯವನ ಇಂಗ್ಲಿಷು

…ಇಡಿ ಅತ್ತಿಗೆ, ಆ ಪೆಟ್ಟಿಗೆ ಕೆಳಗಿಡಿ ಮೊದಲು! ನಿಮ್ಮ ತಂಗಿ ಗಂಡ ಕೆಳಗೆ ಕಾರಲ್ಲಿ ಕಾಯ್ತಿದ್ರೆ ಕಾಯಲಿ, ಅವರ ಗಂಟೇನೂ ಹೋಗಲ್ಲ. ಅಲ್ಲ, ತಂಗಿ ಮನೆಗೆ ಹೋಗಬೇಡಿ ಅಂತ ನಾನೆಲ್ಲಿ ಅಂದೆ? ಹೋಗಿ, ಎರಡು ದಿನ ಇದ್ದು ಬನ್ನಿ. ಆದರೆ ಬೀರು ಪೂರ್ತಿ ಖಾಲಿ ಮಾಡ್ಕೊಂಡು ಯಾರಾದ್ರೂ ಎರಡು ದಿನಕ್ಕೆ ಹೋಗ್ತಾರಾ? ಸ್ವೆಟರ್ ಬೇರೆ ಇಟ್ಕೊಂಡಿದೀರಿ, ಈ ಬಿಸಿಲಲ್ಲಿ!

ನಾಳೆ ಅಣ್ಣ ಬಂದು ಬಾಗಿಲು ತಟ್ಟಿದ್ರೆ ನಾನೇನು ಹೇಳಲಿ? 'ನಿನ್ನ ಹೆಂಡತಿ ಇಲ್ಲಪ್ಪ, ಈ ತಂಗಿ ಮುಖಾನೇ ನೋಡ್ಕೊಂಡು ಕೂತಿರು' ಅನ್ನಲಾ? …ಯಾಕೆ ಹಾಗೆ ನೋಡ್ತೀರಿ? ಬರ್ತಾನೆ. ಬರ್ತೀನಿ ಅಂದಿದಾನಲ್ಲ!

ಕೂತ್ಕೊಳ್ಳಿ. ಕಾಫಿ ಆರಿಹೋಗ್ತಿದೆ. ನಮ್ಮ ಆಫೀಸಿನ ತಮಾಷೆ ಹೇಳ್ತೀನಿ, ಕೇಳಿ. ಹೆಡ್‌ಫೋನ್ ಸಿಕ್ಕಿಸ್ಕೊಂಡು, ಯಾವ್ಯಾವುದೋ ದೇಶದೋರು ಫೋನಲ್ಲಿ ಆಡಿದ್ದನ್ನೆಲ್ಲ ಕೇಳಿ ಕೇಳಿ ಟೈಪ್ ಮಾಡೋ ಕೆಲಸ ನಂದು. ಎಲ್ಲಾ ಇಂಗ್ಲಿಷೇ. ಇಂಗ್ಲಿಷ್ ಅಂದ್ರೆ ಒಂದೇ ಅಂದ್ಕೊಂಡಿದ್ದೆ, ಪೆದ್ದಿ ನಾನು! ಒಂದು ದೇಶದಲ್ಲಿ ಸಿಗ್ನಲ್ ದೀಪಕ್ಕೆ ರೋಬಾಟ್ ಅಂತಾರೆ ಗೊತ್ತಾ? 'ರೋಬಾಟ್ ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿ' ಅಂದ ಒಬ್ಬ. ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಅವರೇ 'ಜಸ್ಟ್ ನೌ' ಅಂದ್ರೆ ಈಗ ಅಂತ ಅಲ್ಲ, ಆಮೇಲೆ ಯಾವಾಗಲೋ! ಪಾಪ, ಈ ಕಡೆ ಗಿರಾಕಿ ಫೋನ್ ಹಿಡ್ಕೊಂಡೇ ಕೂತಿದ್ದ… ನೋಡಿ, ನಕ್ಕಿರಿ! ನಕ್ಕಿರಿ ಅಲ್ವಾ? …ಇಲ್ವಾ? ನಕ್ಕ ಹಾಗಿತ್ತು.

ಇನ್ನೊಬ್ಬರು ಅಜ್ಜಿ, 'ನಮ್ಮ ಯಜಮಾನ್ರು ಎಕ್ಸ್‌ಪೈರ್ ಆದ್ರು' ಅಂದ್ರೆ, ಆ ಕಡೆ ಇದ್ದವನು ಬೇರೆ ದೇಶದವನು ನೋಡಿ, ಅವನಿಗೇನು ಗೊತ್ತು, 'ಏನಮ್ಮ, ಕಾರ್ಡಾ? ಚಿಂತೆ ಬೇಡ, ಹೊಸದು ಕಳಿಸ್ತೀವಿ' ಅಂದ! ಹೊಸದು ಕಳಿಸ್ತಾ…

ಬಿಡಿ. ಅದು ಚೆನ್ನಾಗಿಲ್ಲ. ಯಾಕೆ ಹೇಳಿದೆನೋ.

ಏನು? ಫೋನ್ ಯಾಕೆ ತೆಗೀತಿದೀರಿ? ಬೇಡ ಅತ್ತಿಗೆ, ಹಾಕಬೇಡಿ ಅದನ್ನ. ನನಗೆ ಬಾಯಿಪಾಠ ಆಗಿದೆ. ಅಣ್ಣ ಫಿಟ್ಟರಾಗಿದ್ದ ಹಡಗು ದಡ ಸೇರ್ತು, ಅವನು ಅದರಲ್ಲಿಲ್ಲ. ಎಲ್ಲೂ ಕಾಣ್ತಿಲ್ಲ ಅಂದ್ರು ಕಂಪನಿಯೋರು, ಅಷ್ಟೇ. ಆಮೇಲೆ ಹಡಗಿನ ಅಡುಗೆಯವನು ಅವನ ಇಂಗ್ಲಿಷಲ್ಲಿ ಕಳಿಸಿದ ವಾಯ್ಸ್ ಮೆಸೇಜು. 'ಸಾರಿ ಮೇಡಂ, ಸಾರಿ. ನಿಮ್ಮೋರು ಅವತ್ತು ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಐ ಆಮ್ ಕಮಿಂಗ್ ಅಂದ್ರು. ಅವರ ಊಟ ಮುಚ್ಚಿಟ್ಟಿದ್ದೆ.' ಇಷ್ಟೇ ತಾನೇ? ನೀವು ಬಾಗಿಲು ಹಾಕ್ಕೊಂಡು ಅದನ್ನೇ ಕೇಳೋದು ಗೋಡೆ ದಾಟಿ ನನಗೂ ಕೇಳ್ಸುತ್ತೆ. ಆಫೀಸಲ್ಲೂ ಬಿಡಲ್ಲ ಅದು. ಒಂದು ಫೋನ್ ಮುಗಿದು ಇನ್ನೊಂದು ಶುರು ಆಗೋ ಮಧ್ಯೆ ಕಿವೀಲಿ ಏನೂ ಇರಲ್ಲ ನೋಡಿ, ಆಗ… ಐ ಆಮ್ ಕಮಿಂಗ್. ಆ ಮಾತು ಹೇಳುವಾಗ ಅಡುಗೆಯವನು ಥೇಟ್ ಅಣ್ಣನ ಥರಾನೇ ರಾಗ ಎಳೀತಾನೆ. ಅಣ್ಣನಿಗೆ ಇಂಗ್ಲಿಷ್ ಕಲಿಸಿದ್ದೇ ಅವನಲ್ವಾ, ಯಾರ ರಾಗ ಯಾರಿಗೆ ಬಂತೋ! ಹಿಂದೆ ನಿಂತು ಅಂದ ಹಾಗಾಗುತ್ತೆ. ತಿರುಗಿ ನೋಡ್ತೀನಿ. ಭಯ ಆಗುತ್ತೆ ಅತ್ತಿಗೆ.

ಯಾವುದು… ಸಾರಿ? ಅದ್ಯಾಕೆ ಅಂದ ಅಂತಾನಾ? ಅಯ್ಯೋ, ಅದಕ್ಕೋಸ್ಕರಾನಾ ಈ ಪೆಟ್ಟಿಗೆ, ಈ ಮೌನ! ಏನೂ ಇಲ್ಲ ಕಣ್ರೀ ಅದು. ಅವನ ದೇಶದೋರು ಹಾಗೇನೇ. ಎದುರಿಗಿದ್ದೋರು ಎಡವಿದ್ರೂ ಸಾರಿ, ಸೀನಿದ್ರೂ ಸಾರಿ. ತಪ್ಪು ಮಾಡಿದೋರ ಸಾರಿ ಅಲ್ಲ ಅದು. ಅವನ ಇಂಗ್ಲಿಷಲ್ಲಿ ಯಾವ ಮಾತಿಗೆ ಏನರ್ಥ ಅಂತ ನನ್ನ ಕೇಳಿ! ಆ ದೇಶದ ಫೋನ್ ದಿನಾ ಬರುತ್ತೆ ನಮಗೆ, ಒಂದೊಂದು ಮಾತೂ ನನಗೆ ನೀರು ಕುಡಿದಷ್ಟು ಸಲೀಸು…

ಏನು?

ಯಾಕೆ… ಕಮಿಂಗ್ ಅನ್ನೋ ಮಾತೂನಾ ಅಂತಾನಾ?

ಇಲ್ಲ, ಒಂದೊಂದು ಮಾತೂ ಅಂದ್ರೆ… ಹಾಗಲ್ಲ. ಕಮಿಂಗ್ ಅಂದ್ರೆ ಕಮಿಂಗೇ. ಬರೋದೇ. ಯಾವುದೋ ಬಂದರಲ್ಲಿ ಇಳ್ಕೊಂಡಿದಾನೆ, ಮನೆಗೆ ಬರ್ತಿದಾನೆ. ನಾನು ಅವತ್ತು ಕುಣಿದಾಡ್ಕೊಂಡು ಬಂದು ಹಾಗೇ ಹೇಳಿದ್ನಲ್ಲ! ಸುಳ್ಳು ಹೇಳಲಿಲ್ಲ ಅತ್ತಿಗೆ. ನಿಮ್ಮಾಣೆ. ಅವತ್ತು ನಾನು ತಿಳ್ಕೊಂಡಿದ್ದೂ ಅಷ್ಟೇ.

ಹಾಗೆ ನೋಡಬೇಡಿ. ಏನಾದ್ರೂ ಅನ್ನಿ. ಬಯ್ಯಿರಿ ಬೇಕಾದ್ರೆ!

…ಆಮೇಲೆ ಒಬ್ಬ ಹೆಂಗಸಿನ ಫೋನ್ ಬಂತು. ಅಡುಗೆಯವನ ದೇಶದವಳೇ. ಏನೋ ನಂಬರ್ ಕೇಳಿದ್ರು ಅವಳನ್ನ. 'ಐ ಆಮ್ ಕಮಿಂಗ್' ಅಂದ್ಲು, ಫೋನ್ ಕೆಳಗಿಟ್ಲು. ಚಪ್ಪಲಿ ಸದ್ದು… ಹತ್ರ ಬರಲಿಲ್ಲ ಅತ್ತಿಗೆ. ದೂರ ಹೋಯ್ತು. ಹೋಗ್ತಾ ಹೋಗ್ತಾ ಸಣ್ಣಗಾಯ್ತು. ಆಮೇಲೆ ಬರೀ ಖಾಲಿ ಮನೆ, ನನ್ನ ಎರಡೂ ಕಿವೀಲಿ. ಪಕ್ಕದ ಸೀಟಿನವಳು ಹೇಳಿದ್ಲು, 'ಅವರು ಎದ್ದು ಹೋಗುವಾಗ ಹಾಗನ್ನೋದು ಕಣೇ, ಈಗ ಬಂದೆ ಅಂತ. ನಾವು ಹೊರಡುವಾಗ ಬರ್ತೀನಿ ಅನ್ನಲ್ವಾ, ಹಾಗೆ.' ಆ ಹೆಂಗಸು ವಾಪಸ್ ಬಂದ್ಲು, ನಂಬರ್ ಹೇಳಿದ್ಲು. ನಾನು ಟೈಪ್ ಮಾಡಲೇ ಇಲ್ಲ.

ಅಣ್ಣ ಹೋಗುವಾಗ ಅಂದಿದ್ದು ಅದು. ಗಾಳಿಗೆ ಅಂತ ಹಡಗಿನ ಡೆಕ್ಕಿಗೆ ಹೋಗಿದಾನೆ. ಊಟ ಮುಚ್ಚಿಡು, ಈಗ ಬಂದೆ ಅಂತ. ಸುತ್ತ ಬರೀ ನೀರು…

ನೀವು ಅಳ್ತಿಲ್ಲ. ಯಾಕೆ ಅಳ್ತಿಲ್ಲ ನೀವು? …ಅತ್ತಿಗೆ, ಗೊತ್ತಿತ್ತಾ?

ಯಾವಾಗಿಂದ? ಮೊದಲ ದಿನದಿಂದಾನಾ?

ಹೌದಲ್ಲ… ನಿಮಗೆ ಇಂಗ್ಲಿಷ್ ಬರಲ್ಲ. ನಾನು ಕನ್ನಡದಲ್ಲಿ ಹೇಳಿದ್ದೇ ನಿಮಗೆ ಕೇಳಿಸಿದ್ದು. ಬಾಗಿಲಲ್ಲಿ ನಿಂತು ಬರ್ತೀನಿ ಅಂದನಂತೆ, ಅಂತ. ಹಾಗಂದವನು ಹೊರಟ ಅಂತ ಯಾರಿಗೆ ತಾನೇ ಗೊತ್ತಾಗಲ್ಲ! ಇಂಗ್ಲಿಷ್ ಬರೋಳು ನಾನೊಬ್ಬಳೇ ಬರ್ತಾನೆ ಬರ್ತಾನೆ ಅಂತ ಕುಣಿದೆ. ಅದನ್ನ ನೋಡ್ಕೊಂಡು ಸುಮ್ಮನಿದ್ರಾ ಇಷ್ಟು ದಿನ? ನನಗೋಸ್ಕರ?

ನಾನು ನಿಮಗೋಸ್ಕರ ಮುಚ್ಚಿಡಲಿಲ್ಲ, ಅತ್ತಿಗೆ. ನಿಜ ಹೇಳಿಬಿಡ್ತೀನಿ. ಗೊತ್ತಾದ್ರೆ ನೀವು ಹೋಗಿಬಿಡ್ತೀರಿ ಅಂತ. ಈ ಮನೇಲಿ ನಾನು, ಅವನ ಆ ಮಾತು, ಇಬ್ಬರೇ ಆಗಿಬಿಡ್ತೀವಿ ಅಂತ.

ಹಾರ್ನ್ ಹೊಡೀತಿದಾರೆ. …ಕೊಡಿ, ಪೆಟ್ಟಿಗೆ ಭಾರ ಇದೆ. ಇಲ್ಲ, ತಡೀತಿಲ್ಲ. ಮೆಟ್ಟಿಲವರೆಗೆ ತರ್ತೀನಿ, ಅಷ್ಟೇ.

ಹಾಗೇ ಹೊರಟ್ರಾ? ಒಂದು ಮಾತೂ ಇಲ್ದೆ? ಬರ್ತೀನಿ ಅನ್ನಿ ಅತ್ತಿಗೆ. ಬಾಯಿ ಮಾತಿಗಾದ್ರೂ. ಅಂಗಡಿಗೆ ಹೋಗೋರೂ ಅಂತಾರೆ ಅಷ್ಟನ್ನ. ಅನ್ನಿ…

ಅತ್ತಿಗೆ?

…ಬೇಡ. ಅನ್ನಬೇಡಿ. ಅಂದ್ರೆ ನಾನು ಕಾಯ್ತೀನಿ.