ಎಮ್ರಿಸ್ ಬಳಿದ ಅಟ್ಟದ ಬಾಗಿಲು

ಸ್ವಾನ್ಸೀಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನನ್ನ ವಯಸ್ಸಿನ ಇಬ್ಬರು ಹೆಂಗಸರು ಕೂತಿದ್ದರು.

"ಮನೆ ಎಷ್ಟು ಬೆಚ್ಚಗಿರುತ್ತೆ ಅಂತ ದರ್ಜೆ ಕೊಡೋ ಆ ಇಂಧನದ ಸರ್ಟಿಫಿಕೇಟು ಸಿಕ್ತೇನೇ, ಗ್ಲೆನಿಸ್?"

"ಸಿಕ್ತು ಮೈರ್, ಎಫ್ ದರ್ಜೆ. ಎಫ್ ಆದ್ರೆ ಬಾಡಿಗೆಗೆ ಕೊಡೋ ಹಾಗಿಲ್ಲ. ನಾನೇನೋ ತಂಗಿ ಮನೇಲಿರ್ತೀನಿ, ಬಾಡಿಗೆಗೆ ಬರಬೇಕಾದ ಆ ನರ್ಸ್ ಹುಡುಗಿ ಗಂಟು ಮೂಟೆ ಕಟ್ಕೊಂಡು ಕಾಯ್ತಿದ್ದಾಳೆ."

"ಎಫ್ಫಾ? ನಿಮ್ಮ ಯಜಮಾನ್ರು ಎಮ್ರಿಸ್ ಅಟ್ಟದ ತುಂಬಾ ಚಳಿ ತಡೆಯೋ ಗಾಜಿನ ಉಣ್ಣೆ ಹಾಸಿದ್ರಲ್ಲ! ವಾರವಿಡೀ ಮೈ ಕೆರ್ಕೊಂಡು ಓಡಾಡಿದ್ರು."

"ಹಾಸಿದ್ರು. ಆಮೇಲೆ ಅಟ್ಟದ ಬಾಗಿಲು, ಚಾವಣಿ ಎಲ್ಲಾ ಸೇರಿಸಿ ಬಣ್ಣ ಬಳಿದ್ರು. ಬಾಗಿಲು ಕಚ್ಕೊಂಡಿದೆ. ಸರ್ಟಿಫಿಕೇಟಿಗೆ ಮನೆ ನೋಡೋಕೆ ಬಂದವನು, ಕಣ್ಣಿಗೆ ಕಾಣದ್ದನ್ನ ಬರೆಯೋ ಹಾಗಿಲ್ಲ ಅಂದ."

"ಬಣ್ಣ ಕೊಯ್ದು ತೆಗೆಸೋದಲ್ವಾ?"



"ಅದು ಅವರು ಬಳಿದ ಕೊನೇ ಬಣ್ಣ ಕಣೇ."

"ಗೊತ್ತು. ಉಳಿದ ಅರ್ಧ ಡಬ್ಬಿ ನಮ್ಮ ಶೆಡ್ಡಲ್ಲೇ ಇದೆ. ನಮ್ಮ ಬಚ್ಚಲಿಗೆ ಬಳೀತೀನಿ ಅಂತ ತಂದಿಟ್ಟಿದ್ರು, ಪುಣ್ಯಾತ್ಮ. ಶನಿವಾರ ನಮ್ಮವರು ಹುಷಾರಾಗಿ ಕೊಯ್ದು ಬಾಗಿಲು ಬಿಡಿಸ್ತಾರೆ. ಆ ಸರ್ಟಿಫಿಕೇಟಿನವನು ಇನ್ನೊಮ್ಮೆ ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ಅದೇ ಬಣ್ಣ ಬಳಿಯೋಣ."

"ಈ ಸಲ ಕಚ್ಕೊಳ್ಳದ ಹಾಗೆ ಬಳೀಲಿ," ಎನ್ನುತ್ತಾ ಗ್ಲೆನಿಸ್ ಎದ್ದರು.

ಅವರ ಚೀಲವನ್ನೂ ತಾವೇ ಎತ್ತಿಕೊಂಡು ಮೈರ್ ಮೊದಲು ಇಳಿದು, ಕೈ ಚಾಚಿ ನಿಂತರು.