ಬಾಯಿ ಮುಚ್ಚಿಕೊಂಡಿದ್ದ ರಾಕ್ಷಸರು

ಎಂಬತ್ತಾರರಲ್ಲಿ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಮುಂದೆ ನಿಂತಿದ್ದ ಇಬ್ಬರು ಯುವತಿಯರು ತಾವು ಚಿಕ್ಕವರಿದ್ದಾಗ ಪೆಪ್ಪರ್‌ಮೆಂಟ್ ಪೊಟ್ಟಣದಲ್ಲಿ ಬರುತ್ತಿದ್ದ ರಾಕ್ಷಸರ ಚಿತ್ರಗಳ ಬಗ್ಗೆ ಜಗಳವಾಡುತ್ತಿದ್ದರು. ಇಬ್ಬರೂ ಕಾರ್ಗಲ್ ಕಾಲೋನಿಯಲ್ಲಿ ಒಟ್ಟಿಗೆ ಬೆಳೆದವರಂತೆ.

“ಮೂರನೇ ಸೆಟ್ಟು ಪೂರ್ತಿ ದಂಡ ಕಣೇ ಗಿರಿಜಾ. ಒಬ್ಬನಿಗೂ ಹಲ್ಲಿರ್ಲಿಲ್ಲ.”

“ಇತ್ತು ವಿಶಾಲಾ. ಬಾಯಿ ಮುಚ್ಕೊಂಡಿದ್ರು ಅಷ್ಟೇ.”

“ಹಲ್ಲು ಜಾಸ್ತಿ ಇದ್ದೋನೇ ಗೆಲ್ಲೋದು ಅಂತ ಆಟ. ಬಾಯೇ ತೆಗೀದೋರ್ನ ಇಟ್ಕೊಂಡು ಏನ್ ಮಾಡ್ಬೇಕಿತ್ತು?”

“ಆ ರೂಲ್ಸು ಪೊಟ್ಟಣದ ಮೇಲೆ ಇತ್ತಾ? ಕಾಲೋನೀಲಿ ನಾವೇ ಮಾಡ್ಕೊಂಡಿದ್ದು.”

“ಅದಕ್ಕೇ ಅವರ್ನೆಲ್ಲಾ ನಿಂಗೆ ಕೊಟ್ಬಿಟ್ಟೆ.”

“ಇವತ್ತಾದ್ರೂ ಒಬ್ಬನ್ನ ಸರಿಯಾಗಿ ನೋಡು.”

ಗಿರಿಜಾ ಪರ್ಸಿನಿಂದ ಸವೆದ ಚಿತ್ರವೊಂದನ್ನು ತೆಗೆದುಕೊಟ್ಟಳು. ವಿಶಾಲಾ ಅದನ್ನು ಬಿಸಿಲಿಗೆ ಹಿಡಿದಳು.

“ಅಯ್ಯೋ, ಇವ್ನು ಕಪ್ಪೆಗೆ ಕೊಡೆ ಹಿಡ್ದಿದಾನಲ್ಲೇ!”

“ಹೂಂ ಮತ್ತೆ. ನೀನು ಬರೀ ಹಲ್ಲು ಎಣಿಸ್ತಿದ್ದೆ.”

ಕಾರ್ಗಲ್ ಬಸ್ಸು ಬಂತು. ಗಿರಿಜಾ ಹತ್ತಿ ಕಿಟಕಿಯ ಪಕ್ಕ ಕೂತಳು.

“ತಗೊಳ್ಳೇ, ನಿನ್ ರಾಕ್ಷಸ ಇಲ್ಲೇ ಉಳ್ದ!”

“ನಿನ್ ಹತ್ರಾನೇ ಇರ್ಲಿ ಬಿಡು.”

ಬಸ್ಸು ಹೊರಟಿತು. ವಿಶಾಲಾ ಚಿತ್ರವನ್ನು ಎತ್ತಿ ಹಿಡಿದು, ಸೀರೆ ಸಾವರಿಸಿಕೊಂಡು, ಕಿಟಕಿಯ ಜೊತೆಜೊತೆಗೇ ಓಡಿದಳು.

“ಗಿರಿಜಾ, ಇವ್ನು ಗೆದ್ದ ಕಣೇ!”