ಸಾಲು ಮುಗಿದಲ್ಲಿ ಏನೋ ಐತೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ದುರ್ಗೇಶ ಅಲ್ವಾ?... ಹಾಂ, ಅಮ್ಮಾ, ನಾನು ಹುಮೇರಾ. ಚಿತ್ರದುರ್ಗದಿಂದ, ಕಾಲೇಜಿಂದ. ನಿಮ್ಮ ಮಗನ ಜೊತೆ ಪ್ರಾಜೆಕ್ಟ್ ಮಾಡ್ತಿರೋಳು... ಗೊತ್ತು ರೀ, ಅವ್ನಿಗೆ ಮೈಮೇಲೆ ಅಮ್ಮ ಎದ್ದೈತೆ ಅಂತ ಗೊತ್ತು. ಬೇವಿನಸೊಪ್ಪಿನ ಮೇಲೆ ಮಲಗಿದಾನೆ ಅಂತಾನೂ ಗೊತ್ತು. ಫೋನು ಸ್ಪೀಕರಿಗೆ ಹಾಕಿ ಬಾಗಿಲತ್ರ ಇಟ್ಟುಬಿಡ್ರಿ... ಇಲ್ಲಮ್ಮಾ, ಫೋನಲ್ಲಿ ಅಂಟಲ್ಲ.

...

ದುರ್ಗೇಶಾ, ಎಲ್ಲಾ ಕೆಂಪು... ಎಲ್ಲಾ ಅಂದ್ರೆ ಎಲ್ಲಾನೂ ಕಣೋ, ನಲವತ್ತಕ್ಕೆ ನಲವತ್ತೂ. ನಿನ್ನೆ ಹಸಿರಿತ್ತು... ಅದಲ್ಲ, ನಮ್ಮ ಕಂಪೈಲರ್ ಓಡ್ತೈತೆ, ಪ್ರೋಗ್ರಾಂನಲ್ಲಿ ತಪ್ಪು ಎಲ್ಲೈತೆ ಅಂತ ಕನ್ನಡದಲ್ಲೇ ಹೇಳ್ತೈತೆ. ಅದು ಕೊಡೋ ಉತ್ತರಾನ ನಾವು ಮೊದ್ಲೇ ಬರ್ದಿಟ್ಟ ಉತ್ತರದ ಜೊತೆ ಹೋಲ್ಸೋ ಪರೀಕ್ಷೆ ಐತಲ್ಲ, ಅದು ಒಂದನ್ನೂ ಒಪ್ತಿಲ್ಲ.

...

ಬಂದಾಯ್ತು ಕಣೋ ಪರೀಕ್ಷಕರು. ಪಕ್ಕದ ರೂಮಲ್ಲಿ ನಮ್ಮ ಗೈಡ್ ಶಿವಕುಮಾರಪ್ಪ ಸರ್ ಜೊತೆ ಮಂಡಕ್ಕಿ ತಿಂತಾ ಕುಂತವ್ರೆ. ಆ ಮಂಡಕ್ಕಿ ಎಷ್ಟೊತ್ತೋ ನನ್ನ ಆಯಸ್ಸು ಅಷ್ಟೊತ್ತು. ಎಲ್ಲಾ ಹಸಿರಿದ್ರೆ ಸಹಿ, ಇಲ್ಲಾಂದ್ರೆ ಇನ್ನೊಂದ್ ವರ್ಷ ಇದೇ ಬೆಂಚು... ನಿಂಗೇನಪ್ಪ, ಹಿರಿಯೂರಲ್ಲಿ ಮಲಗಿದೀಯ, ಮೈತುಂಬಾ ರಜೆಯ ಪ್ರಮಾಣಪತ್ರ ಎದ್ದೈತೆ.

...

ನೋಡ್ದೆ ಕಣೋ. ‘ನಾಲ್ಕನೇ ಸಾಲಲ್ಲಿ ತಪ್ಪು ಇದೆ’ ಅಂತ ಬರ್ಬೇಕಿತ್ತು, ‘ನಾಲ್ಕನೇ ಸಾಲಲ್ಲಿ ತಪ್ಪು ಇದೆ’ ಅಂತಾನೇ ಬಂದೈತೆ. ಅದ್ರ ಕೆಳಗೆ, ಇವೆರಡೂ ಬೇರೆ ಬೇರೆ ಅಂತ. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದ್ದೆ. ಎರಡೆರಡು ಸಲ... ನಗ್ಬೇಡ ನೀನು. ಒಂದೇ ಇರೋದನ್ನ ಬೇರೆ ಅನ್ನೋ ಯಂತ್ರ, ಬೇರೆ ಇರೋದನ್ನ ಒಂದೇ ಅಂದಿರಲ್ಲ ಅಂತ ಏನು ಗ್ಯಾರಂಟಿ ಅಂತ ಪರೀಕ್ಷಕರು ಕೇಳಿದ್ರೆ? ನಿನ್ನೆ ಹಸಿರಿದ್ದದ್ದೂ ಸುಳ್ಳು ಅಂದ್ರೆ?

...

ನಿನ್ನೆ ಸಂಜೆ ಏನ್ ಮುಟ್ಟಿದೆ ನೀನು?... ಹಾಂ, ಬರ್ದಿಟ್ಟ ಉತ್ತರದ ಫೈಲುಗಳಲ್ಲಿ ‘ಐತೆ’ ಎಲ್ಲಾ ‘ಇದೆ’ ಮಾಡ್ದೆ, ಗೊತ್ತು. ಕಂಪೈಲರಲ್ಲಿ ನಾನೂ ಮಾಡ್ದೆ. ಹೊರಗಿನೋರು ಬರ್ತಾರೆ, ತಪ್ಪನ್ನ ಹೇಳೋದಾದ್ರೂ ಶುದ್ಧ ಕನ್ನಡದಲ್ಲಿ ಹೇಳ್ಲಿ ಅಂತ ಸರ್ ಅಂದ್ರಲ್ಲ. ನೀನು ಕೈಯಲ್ಲೇ ತಿದ್ದಿದ್ಯಾ?... ಪ್ರೋಗ್ರಾಂ ಬರ್ದಾ? ಒಂದೊಂದೇ ಫೈಲು ತೆಗ್ದು, ಪದ ಬದಲಾಯ್ಸಿ, ವಾಪಸ್ ಬರೆಯೋದು?... ನಿನ್ನ ಲ್ಯಾಪ್‌ಟಾಪು ವಿಂಡೋಸ್ ಅಲ್ವಾ?

...

ತಾಳು. ತಾಳು... ಮೂರು ಸಾಲಿನ ಉತ್ತರ, ನಮ್ಮ ಕಂಪೈಲರ್ ಕೊಟ್ಟಿದ್ದಕ್ಕಿಂತ ನಿನ್ನ ಫೈಲು ಮೂರು ಬೈಟ್ ದಪ್ಪ ಐತೆ. ಐದು ಸಾಲಿಂದು ಐದು. ಸಾಲಿಗೊಂದು ಏನೋ ಕಾಣದ್ದು ಬಂದು ಕುಂತೈತೆ... ಹಾಂ, ಅದೇ. ಸಾಲು ಮುಗೀತು ಅನ್ನೋಕೆ ಇಲ್ಲಿ ಲ್ಯಾಬಿನ ಲಿನಕ್ಸು ಒಂದೇ ಗುರುತು ಇಡ್ತೈತೆ, ನಿನ್ನ ವಿಂಡೋಸು ಎರಡು. ಕಣ್ಣಿಗೆ ಯಾವುದೂ ಕಾಣಲ್ಲ. ಶುದ್ಧ ಮಾಡಕ್ಕೆ ಹೋಗಿ ಸಾಲುಸಾಲಿಗೂ ಬಾಲ ಅಂಟ್ಸಿದೀಯಲ್ಲೋ.

...

ಕಿತ್ತೆ. ಎಲ್ಲಾ ಬಾಲಾನೂ ಒಂದೇ ಏಟಿಗೆ. ಪರೀಕ್ಷೆ ಓಡ್ತೈತೆ... ಹಸಿರು... ಹಸಿರು... ಯಾ ಅಲ್ಲಾ, ಹಸಿರು... ಒಂದು ಕೆಂಪು.

ಇಲ್ಲ, ಇದು ಕಾಣೋ ತಪ್ಪು, ಹೆದ್ರಿಕೆ ಇಲ್ಲ. ಕಂಪೈಲರ್ ‘ಬ್ರಾಕೆಟ್ ಬಿಟ್ಟುಹೋಗಿದೆ’ ಅಂತೈತೆ, ನಿನ್ನ ಫೈಲು ‘ಬಿಟ್ಟೋಗೈತೆ’ ಅಂತೈತೆ... ನಿನ್ನ ಪ್ರೋಗ್ರಾಂ ಬಿಡಿಯಾಗಿರೋ ‘ಐತೆ’ ಹುಡುಕ್ಕಂಡು ಹೋಯ್ತು. ಇಲ್ಲಿ ಅದು ಗಕಾರದ ಬೆನ್ನಿಗೆ ಅಂಟ್ಕಂಡೈತಲ್ಲ, ಗುರುತೇ ಹತ್ತಿಲ್ಲ.

...

ಶ್. ಪರೀಕ್ಷಕರು ಬಂದ್ರು. ಫೋನು ಇಡ್ಬೇಡ... ನಮಸ್ಕಾರ ಸರ್. ಯಾರಿಲ್ಲ ಸರ್, ಜೊತೆಗಾರ, ಅವ್ನಿಗೆ ಮೈಮೇಲೆ ಅಮ್ಮ ಸರ್... ಅದಾ ಸರ್? ಆ ಕೆಂಪು... ಅದು ನಮ್ಮ ಕಡೆ ಮಾತು ಸರ್, ತಿದ್ದೋದು ಉಳ್ಕಂಡಿತ್ತು... ತಿದ್ಬಾರ್ದಾ?... ತಾವೂ ಈ ಕಡೆಯವ್ರೇನಾ, ಭರಮಸಾಗರದವ್ರಾ ಸರ್?... ಆಯ್ತು ಸರ್, ‘ಬಿಟ್ಟೋಗೈತೆ’ ಅಂತ ಕಂಪೈಲರ್ ಕೈಲೇ ಅನ್ನಿಸ್ತೀನಿ... ಅಂತು ಸರ್. ನೋಡ್ರಿ, ನಲವತ್ತೂ ಹಸಿರು. ಸಹಿ ಇಲ್ಲಿ ಸರ್.

...

ದುರ್ಗೇಶಾ, ಕೇಳಿಸ್ತಾ? ಪೆನ್ನು ಹುಡುಕ್ತವ್ರೆ... ಏನಂದೆ?... ಎಲ್ಲಾನೂ ವಾಪಸ್ ‘ಐತೆ’ ಮಾಡ್ತಿದೀಯಾ? ಯಾರು ಹೇಳಿದ್ರು ನಿಂಗೆ?... ಅವರು ಮೆಚ್ಚಿದ್ದು ಒಂದನ್ನ ಕಣೋ, ನಲವತ್ತನ್ನಲ್ಲ. ಕಂಪೈಲರ್ ಇನ್ನೂ ‘ಇದೆ’ ಅಂತಾನೇ ಅಂತೈತೆ, ಆ ಪ್ರೋಗ್ರಾಂ ಓಡಿಸ್ಬೇಡ. ಫೋಲ್ಡರು ಇಬ್ರಿಗೂ ಒಂದೇ ಅಲ್ವಾ, ಅಲ್ಲಿ ನೀನು ಮುಟ್ಟಿದ್ರೆ ಇಲ್ಲಿ ಪರೀಕ್ಷೆ ತಾನೇ ಮತ್ತೆ ಶುರು ಆಗ್ತೈತೆ... ಓಡ್ಸಿಬಿಟ್ಟೆ ಅಂದ್ರೆ? ಅಂದ್ರೇನು?

...

ಅಮ್ಮಾ... ಅಮ್ಮಾ, ಬಾಗಿಲತ್ರ ಇದೀರಾ? ಒಳಗೋಗಿ ಆ ಲ್ಯಾಪ್‌ಟಾಪ್ ಕಿತ್ಕಳ್ರಿ... ಮಡಿ ಆಮೇಲೆ ನೋಡಾಣಮ್ಮಾ...

ಒಂದು ಕೆಂಪಾಯ್ತು.

ಏನಿಲ್ಲ ಸರ್, ಇಲ್ಲೈತೆ ಪೆನ್ನು, ತಗಳ್ರಿ. ಸ್ಕ್ರೀನ್ ಬೇಡ ಸರ್, ಕಾಗದ ನೋಡ್ರಿ...

ಇನ್ನೊಂದು. ದುರ್ಗೇಶಾ, ನೆಟ್ ತೆಗೀತೀನಿ. ಲ್ಯಾಬಿನ ಲ್ಯಾಪ್‌ಟಾಪಿಗೂ ನಿನ್ನ ಈ ವಾಟ್ಸಾಪ್ ಕರೆಗೂ ನನ್ನ ಫೋನಿಂದೇ ನೆಟ್ಟು, ತೆಗೆದ್ರೆ ನೀನೂ ಹೋಗ್ತೀಯ... ಇಲ್ಲ, ಇನ್ನೊಂದ್ ಮಾತು ಬೇಡ... ಬೇಡ ಅಂದ್ನಲ್ಲ, ನಿನ್ನ ಸಾಲು ಇಲ್ಲಿಗೆ ಮು...